ಕಡಲ ತುಂಬ ಬೆಳೆಯುವ ಪ್ರೊಕ್ಲೋರೊಕಾಕಸ್ ಲ್ಯಾಬಿನ ಟ್ಯೂಬಿನಲ್ಲಿ ಯಾಕೆ ಸಾಯುತ್ತದೆ?

ಓದುಗರ ಪ್ರಶ್ನೆ: ಬೆಳಕಿನಿಂದ ಆಹಾರ ತಯಾರಿಸುವ ಜೀವಿಗಳಲ್ಲಿ ಪ್ರೊಕ್ಲೋರೊಕಾಕಸ್‌ನಷ್ಟು ಸಂಖ್ಯೆಯಲ್ಲಿ ಇರುವಂಥದ್ದು ಬೇರೆ ಇಲ್ಲ ಅಂತ ಓದಿದ್ದೇನೆ. ಹಾಗಿದ್ದರೂ ಲ್ಯಾಬಿನಲ್ಲಿ ಅದರ ಕಲ್ಚರ್ (ಟ್ಯೂಬಿನಲ್ಲಿ ಸಾಕಿ ಬೆಳೆಸುವ ಕೋಶಗಳು) ಉಳಿಸಿಕೊಳ್ಳೋದು ಕಷ್ಟ ಅಂತಾರೆ. ಯಾಕೆ?

ನಾವು ಚೆನ್ನಾಗಿ ನೋಡಿಕೊಳ್ಳಬೇಕು ಅಂತ ಜಾಸ್ತಿ ಬೆಳಕು, ಜಾಸ್ತಿ ಗೊಬ್ಬರ ಕೊಡುತ್ತೇವೆ, ಅದರ ಜೊತೆಗಾರರನ್ನೆಲ್ಲ ತೊಳೆದು ತೆಗೆಯುತ್ತೇವೆ. ಅದು ಸಾಯುವುದು ಬಹುಮಟ್ಟಿಗೆ ಇದರಿಂದಲೇ.

ಪ್ರೊಕ್ಲೋರೊಕಾಕಸ್ ಒಂದು ಸೈನೊಬ್ಯಾಕ್ಟೀರಿಯಾ, ಅಂದರೆ ಬೆಳಕಿನಿಂದ ಆಹಾರ ತಯಾರಿಸುವ ಬ್ಯಾಕ್ಟೀರಿಯಾ. ಇದು ದಡದ ಜೀವಿ ಅಲ್ಲ. ಬಿಸಿ ವಲಯದ ನಡುಗಡಲಿನಲ್ಲಿ, ಪೋಷಕಾಂಶ ತೀರಾ ಕಡಿಮೆ ಇರುವ ನೀಲಿ ನೀರಿನಲ್ಲಿ ಇರುವಂಥದ್ದು. ಅಲ್ಲಿ ಒಂದು ಮಿಲಿಲೀಟರ್ ನೀರಿನಲ್ಲಿ ಒಂದು ಲಕ್ಷದವರೆಗೆ ಕೋಶಗಳಿರುತ್ತವೆ. ಆದರೂ 1980ರ ದಶಕದ ನಡುವಿನವರೆಗೆ ಇದು ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಕೋಶದ ಅಗಲ ಒಂದು ಮೈಕ್ರೊಮೀಟರ್‌ಗಿಂತ ಕಡಿಮೆ. ವಿಜ್ಞಾನಿಗಳಾದ ಸ್ಯಾಲಿ ಚಿಶೋಮ್, ರಾಬರ್ಟ್ ಓಲ್ಸನ್ ಮತ್ತು ಸಂಗಡಿಗರು ಫ್ಲೋ ಸೈಟೋಮೀಟರನ್ನು (ಕೋಶಗಳನ್ನು ಒಂದೊಂದಾಗಿ ಲೇಸರ್ ಬೆಳಕಿನ ಮುಂದೆ ಹಾಯಿಸಿ ಅಳೆಯುವ ಯಂತ್ರ) ಹಡಗಿಗೇರಿಸಿದ ಮೇಲೆ ಅದರ ಮಂದ ಕೆಂಪು ಹೊಳಪು ಸಿಕ್ಕಿತು. 1988ರಲ್ಲಿ ಅದರ ವರದಿ ಬಂತು.

ಇಷ್ಟು ಬಡ ನೀರಿನಲ್ಲಿ ಬಾಳುವ ಜೀವಿ ಬೇಡದ ಜೀನುಗಳನ್ನೆಲ್ಲ ಬಿಟ್ಟುಕೊಂಡು ಬಂದಿದೆ. ಲ್ಯಾಬುಗಳಲ್ಲಿ ಹೆಚ್ಚು ಬಳಸುವ ಎಂಇಡಿ4 ಎಂಬ ಸ್ಟ್ರೇನಿನ (ಒಳತಳಿಯ) ಹತ್ತಿರ ಇರುವುದು ಸುಮಾರು 1,700 ಜೀನುಗಳು. ಬಿಟ್ಟುಹೋದವುಗಳಲ್ಲಿ ಎರಡು ನಮಗೆ ಮುಖ್ಯ.

ಮೊದಲನೆಯದು ನೈಟ್ರೇಟ್ ಬಳಸುವ ಶಕ್ತಿ. ಎಂಇಡಿ4ಗೆ ಅದಿಲ್ಲ, ಇನ್ನೂ ಎಷ್ಟೋ ಸ್ಟ್ರೇನ್‌ಗಳಿಗಿಲ್ಲ. ಪಾಚಿಗಳಿಗೆ ಅಂತ ಲ್ಯಾಬಿನಲ್ಲಿ ಸಿದ್ಧವಿರುವ ಎಫ್/2 ಮೀಡಿಯಂನಲ್ಲಿ (ಪೋಷಕಾಂಶ ಬೆರೆಸಿದ ನೀರಿನಲ್ಲಿ) ಸಾರಜನಕ ಇರುವುದೇ ನೈಟ್ರೇಟ್ ರೂಪದಲ್ಲಿ. ಅದರಲ್ಲಿ ಹಾಕಿದರೆ ಕಲ್ಚರ್ ಉಪವಾಸ ಬೀಳುತ್ತದೆ. ಅದಕ್ಕೇ ಅಮೋನಿಯಂ ಇರುವ ಪ್ರೊ99 ಮೀಡಿಯಂ ಬಳಸುತ್ತಾರೆ.

ಎರಡನೆಯದು ಕ್ಯಾಟಲೇಸ್, ಅಂದರೆ ಹೈಡ್ರೋಜನ್ ಪೆರಾಕ್ಸೈಡನ್ನು ಒಡೆಯುವ ಕಿಣ್ವ. ಕಡಲಿನ ನೀರಿನ ಮೇಲೆ ಬೆಳಕು ಬಿದ್ದಾಗ ಪೆರಾಕ್ಸೈಡ್ ತಾನಾಗಿಯೇ ಹುಟ್ಟುತ್ತದೆ. ಅಲ್ಲಿ ಸುತ್ತಲಿನ ಬೇರೆ ಬ್ಯಾಕ್ಟೀರಿಯಾಗಳು ಅದನ್ನು ಒಡೆದುಹಾಕುತ್ತವೆ, ಪ್ರೊಕ್ಲೋರೊಕಾಕಸ್ ಅವುಗಳ ನೆರಳಿನಲ್ಲಿ ಬದುಕುತ್ತದೆ. ವಿಜ್ಞಾನಿಗಳಾದ ಜೆಫ್ರಿ ಮಾರಿಸ್ ಮತ್ತು ಎರಿಕ್ ಜಿನ್ಸರ್ ಅವರ ಕೆಲಸದಿಂದ ಇದು ಸ್ಪಷ್ಟವಾಯಿತು. ಆಲ್ಟೆರೋಮೊನಾಸ್‌ನಂಥ ಜೊತೆಗಾರ ಬ್ಯಾಕ್ಟೀರಿಯಾ ಇದ್ದರೆ ಕಲ್ಚರ್ ಗಟ್ಟಿಯಾಗಿ ಬೆಳೆಯುತ್ತದೆ. ಪಿಎಚ್ ಸ್ಥಿರವಾಗಿರಲಿ ಅಂತ ಹಾಕುವ ಹೆಪೆಸ್ ಬಫರ್ ಕೂಡ ಬೆಳಕಿನಲ್ಲಿ ಪೆರಾಕ್ಸೈಡ್ ಹುಟ್ಟಿಸುತ್ತದೆ ಅನ್ನುವುದನ್ನೂ ಅವರು ತೋರಿಸಿದರು. ಒಳ್ಳೆಯದಕ್ಕೆ ಅಂತ ಹಾಕಿದ್ದೇ ವಿಷವಾಗಬಹುದು, ಅಲ್ವಾ?

ಹಾಗಾಗಿ ಬೇರೆ ಬ್ಯಾಕ್ಟೀರಿಯಾಗಳನ್ನೆಲ್ಲ ತೆಗೆದು ಕಲ್ಚರನ್ನು ಪೂರ್ತಿ ಶುದ್ಧ ಮಾಡಲು ಆತುರ ಬೇಡ. ನಿಮ್ಮ ಪ್ರಯೋಗಕ್ಕೆ ನಿಜವಾಗಿಯೂ ಶುದ್ಧ ಕಲ್ಚರ್ ಬೇಕಾ ಅಂತ ಮೊದಲು ಕೇಳಿಕೊಳ್ಳಿ. ಬೇಕೇಬೇಕು ಅಂದರೆ ಮೀಡಿಯಂಗೆ ಪೈರುವೇಟ್ ಸೇರಿಸುವ ದಾರಿ ಇದೆ. ಅದು ಪೆರಾಕ್ಸೈಡನ್ನು ಹಿಡಿದು ಮುಗಿಸುತ್ತದೆ.

ಇನ್ನು ನೀರು. ಮಂಗಳೂರಿನ ದಡದಲ್ಲಿ ತುಂಬಿಸಿದ ನೀರು ಇದಕ್ಕೆ ಆಗುವುದಿಲ್ಲ. ಅದರಲ್ಲಿ ನದಿಯ ಹೂಳು, ಕೊಳೆ, ಲೋಹಗಳೆಲ್ಲ ಇರುತ್ತವೆ. ದೂರದ ಕಡಲಿನ ನೀರು ತಂದು 0.2 ಮೈಕ್ರೊಮೀಟರ್ ಫಿಲ್ಟರಿನಲ್ಲಿ ಸೋಸಬೇಕು. ತಾಮ್ರ ಇದಕ್ಕೆ ದೊಡ್ಡ ಶತ್ರು. ಬಹಳ ಕಡಿಮೆ ಇದ್ದರೂ ಸಾಕು, ಬೆಳವಣಿಗೆ ನಿಲ್ಲುತ್ತದೆ. ಪಾತ್ರೆಗಳನ್ನು ಆಸಿಡ್‌ನಲ್ಲಿ ನೆನೆಸಿ, ಶುದ್ಧ ನೀರಿನಲ್ಲಿ ಮತ್ತೆ ಮತ್ತೆ ತೊಳೆಯುವುದು ಅದಕ್ಕೇ. ಸಮುದ್ರದ ನೀರನ್ನು ಆಟೋಕ್ಲೇವ್ ಮಾಡಿದರೆ (ಒತ್ತಡದ ಬಿಸಿ ಹಬೆಯಲ್ಲಿ ಸೂಕ್ಷ್ಮಜೀವಿಗಳನ್ನು ಕೊಂದರೆ) ಇಂಗಾಲದ ಡೈಆಕ್ಸೈಡ್ ಹಾರಿಹೋಗಿ ಪಿಎಚ್ ಏರುತ್ತದೆ, ಲವಣಗಳು ಬಿಳಿಯಾಗಿ ತಳಕ್ಕೆ ಕೂರುತ್ತವೆ. ಪೋಷಕಾಂಶಗಳನ್ನು ಬೇರೆಯಾಗಿ ಸ್ಟೆರಿಲೈಸ್ ಮಾಡಿಕೊಂಡು, ನೀರು ತಣ್ಣಗಾದ ಮೇಲೆ ಸೇರಿಸಿ.

ಬೆಳಕನ್ನು ಕಣ್ಣಂದಾಜಿನಲ್ಲಿ ಇಡಬೇಡಿ, ಮೀಟರ್ ಹಿಡಿದು ಅಳೆಯಿರಿ. ಕಡಲ ಮೇಲ್ಪದರದ ಎಂಇಡಿ4 ತಕ್ಕಮಟ್ಟಿಗೆ ತಾಳಿಕೊಳ್ಳುತ್ತದೆ. 120 ಮೀಟರ್ ಆಳದಿಂದ ಬಂದ ಎಸ್ಎಸ್120ಗೆ ಅಷ್ಟೇ ಬೆಳಕು ಜಾಸ್ತಿಯಾಗಿಬಿಡುತ್ತದೆ. ಉಷ್ಣತೆ 22ರಿಂದ 24 ಡಿಗ್ರಿ ಸೆಲ್ಸಿಯಸ್ ಇರಲಿ.

ಹೊಸ ಟ್ಯೂಬಿಗೆ ಹಾಕುವುದು ಹೆಚ್ಚುಕಡಿಮೆ ಮೊಸರಿಗೆ ಹೆಪ್ಪು ಹಾಕಿದ ಹಾಗೆ. ತೀರಾ ಕಡಿಮೆ ಹಾಕಿದರೆ ಹಿಡಿಯುವುದಿಲ್ಲ, ಹಳತಾದದ್ದನ್ನು ಹಾಕಿದರೂ ಕೆಟ್ಟಿತು. ಒಂಬತ್ತು ಪಾಲು ಹೊಸ ಮೀಡಿಯಂಗೆ ಒಂದು ಪಾಲು ಕಲ್ಚರ್ ಸಾಕು, ಆದರೆ ಅದು ಇನ್ನೂ ಚುರುಕಾಗಿ ಬೆಳೆಯುತ್ತಿರಬೇಕು. ದಿನವೂ ಒಂದೇ ಹೊತ್ತಿಗೆ ಫ್ಲೋರೊಮೀಟರ್‌ನಲ್ಲಿ ಕ್ಲೋರೊಫಿಲ್ ಹೊಳಪು ಅಳೆದು ಬರೆದಿಡಿ. ಹಸಿರು ಮಾಸಿದ್ದು ಕಣ್ಣಿಗೆ ಕಾಣುವಷ್ಟರಲ್ಲಿ ತಡವಾಗಿರುತ್ತದೆ.

ಮೊದಲ ಸಲ ಕೈಹಾಕುವವರು ಸಿನೆಕೊಕಾಕಸ್ ಎಂಬ ಇನ್ನೊಂದು ಸೈನೊಬ್ಯಾಕ್ಟೀರಿಯಾದಿಂದ ಶುರು ಮಾಡುವುದು ಒಳ್ಳೆಯದು ಅಂತ ನನಗನಿಸುತ್ತದೆ. ಅದು ಇದೇ ಕಡಲಿನ ನೆಂಟ, ಸಾಕುವುದು ಸುಲಭ. ತಿರುಚಿರಾಪಳ್ಳಿಯ ಭಾರತಿದಾಸನ್ ವಿಶ್ವವಿದ್ಯಾಲಯದಲ್ಲಿ ಸಮುದ್ರದ ಸೈನೊಬ್ಯಾಕ್ಟೀರಿಯಾಗಳಿಗೆಂದೇ ರಾಷ್ಟ್ರೀಯ ಸಂಗ್ರಹ ಕೇಂದ್ರವಿದೆ. ಅಲ್ಲಿ ವಿಚಾರಿಸಬಹುದು.

ಒಂದು ಮಾತು ಉಳಿಯಿತು. ಹತ್ತಕ್ಕೊಂದು ಪಾಲಿನಂತೆ ವಾರಕ್ಕೊಮ್ಮೆ ವರ್ಗಾಯಿಸುತ್ತಾ ಹೋದರೆ ವರ್ಷಕ್ಕೆ ಸುಮಾರು 170 ತಲೆಮಾರು ಕಳೆಯುತ್ತವೆ. ಅಷ್ಟರಲ್ಲಿ ಅದು ಕಡಲಿಗಿಂತ ನಿಮ್ಮ ಟ್ಯೂಬಿಗೇ ಒಗ್ಗಿಕೊಳ್ಳುತ್ತಾ ಹೋಗುತ್ತದೆ. ಶುರುವಿನಲ್ಲೇ ಒಂದಷ್ಟನ್ನು ಡಿಎಂಎಸ್‌ಒ (ಹೆಪ್ಪುಗಟ್ಟುವಾಗ ಕೋಶ ಒಡೆಯದಂತೆ ಕಾಯುವ ದ್ರವ) ಸೇರಿಸಿ ದ್ರವ ಸಾರಜನಕದಲ್ಲಿ ಇಟ್ಟುಬಿಡಿ. ಕರೆಂಟಿನ ಬಗ್ಗೆಯೂ ಯೋಚಿಸಿ. ಕತ್ತಲು ದಿನಗಟ್ಟಲೆ ಮುಂದುವರಿದರೆ ಶುದ್ಧ ಕಲ್ಚರ್ ಚೇತರಿಸಿಕೊಳ್ಳುವುದು ಕಷ್ಟ, ಜೊತೆಗಾರ ಬ್ಯಾಕ್ಟೀರಿಯಾ ಇದ್ದದ್ದು ಇನ್ನಷ್ಟು ದಿನ ತಾಳುತ್ತದೆ. ಪ್ರತಿ ಸ್ಟ್ರೇನಿನ ಒಂದು ಟ್ಯೂಬಾದರೂ ಬೇರೆ ಲೈನಿನ ಕರೆಂಟಿರುವ ಇನ್ನೊಂದು ಇನ್‌ಕ್ಯುಬೇಟರ್‌ನಲ್ಲಿ ಇರಲಿ.