ಮೊದಲು ಚಾವಣಿ, ಆಮೇಲೆ ಗೋಡೆ

ಮನೆ ಕಟ್ಟುವಾಗ ಮೊದಲು ಗೋಡೆ ಏಳುತ್ತದೆ, ಆಮೇಲೆ ಚಾವಣಿ, ಅಲ್ವಾ? ದಕ್ಷಿಣ ಅಮೆರಿಕದಲ್ಲಿ, ಪರಾನಾ ಮತ್ತು ಉರುಗ್ವೆ ನದಿಗಳ ಸೀಮೆಯಲ್ಲಿ, ಜೆಸ್ಯೂಟ್ ಎಂಬ ಕ್ಯಾಥೊಲಿಕ್ ಸಂಘದ ಪಾದ್ರಿಗಳೂ ಅಲ್ಲಿನ ಮೂಲನಿವಾಸಿಗಳಾದ ಗ್ವಾರಾನಿ ಜನರೂ ಸೇರಿ ಕಟ್ಟಿದ ಮಿಷನ್ ಊರುಗಳಲ್ಲಿ, ಅಂದರೆ ಧರ್ಮಪ್ರಚಾರಕ್ಕಾಗಿ ಎದ್ದ ಊರುಗಳಲ್ಲಿ, ಇದು ತಿರುವುಮುರುವು. ಅಲ್ಲಿ ಮೊದಲು ಚಾವಣಿ ನಿಲ್ಲುತ್ತಿತ್ತು, ಆಮೇಲೆ ಅದರಡಿ ಗೋಡೆ ಬರುತ್ತಿತ್ತು. ಅಲ್ಲೇ ಬದುಕಿದ್ದ ಪಾದ್ರಿ ಹೊಸೆ ಕಾರ್ದಿಯೆಲ್ ಇದನ್ನು ಬರೆದಿಟ್ಟಿದ್ದಾರೆ.

ಇದಕ್ಕೆ ಕಾರಣ ಸುಣ್ಣ. ಆ ಸೀಮೆಯಲ್ಲಿ ಕೆಂಪು ಮರಳುಗಲ್ಲು ಬೇಕಾದಷ್ಟಿತ್ತು, ಸುಣ್ಣಕಲ್ಲು ಮಾತ್ರ ಸಿಗುವುದು ಕಷ್ಟ. ಹಾಗಾಗಿ ಹೆಚ್ಚಿನ ಕಡೆ ಕಲ್ಲಿನ ಸಂದಿಗೆ ಮಣ್ಣನ್ನೇ ಕಲಸಿ ಹಾಕಿದರು. ಸುಣ್ಣದ ಗಾರೆ ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡು ನಿಧಾನವಾಗಿ ಕಲ್ಲಾಗುತ್ತದೆ. ಮಣ್ಣು ಸುಮ್ನೆ ಒಣಗುತ್ತದೆ, ಅಷ್ಟೇ. ನೀರು ಬಿದ್ದರೆ ಮತ್ತೆ ಕೆಸರು.

ಅಂಥ ಗೋಡೆಯ ಮೇಲೆ ಭಾರ ಹೇರುವುದು ಯಾರಿಗೂ ಧೈರ್ಯ ಬರುವ ಕೆಲಸವಲ್ಲ. ಅದಕ್ಕೇ ಗಟ್ಟಿ ಮರದ ಕಂಬಗಳನ್ನು ನೆಲದಲ್ಲಿ ಆಳವಾಗಿ ಹೂತರು. ಅವುಗಳ ಮೇಲೆ ತೊಲೆ, ಹೆಂಚು. ಭಾರವೆಲ್ಲ ಕಂಬಕ್ಕೆ, ಗೋಡೆ ಬರೀ ಮರೆಗೆ. ಗೋಡೆಗೆ ಮಳೆ ತಾಗದ ಹಾಗೆ ಸೂರನ್ನು ಮುಂದಕ್ಕೆ ಚಾಚಿ, ಅದಕ್ಕೆ ಇನ್ನೊಂದು ಸಾಲು ಕಂಬ ಕೊಟ್ಟರು. ಆಗ ತಾನಾಗಿಯೇ ಉದ್ದನೆಯ ಜಗಲಿ ಸಿಕ್ಕಿತು. ಮಳೆಯಲ್ಲೂ ಬಿಸಿಲಲ್ಲೂ ಜನ ಅದರಡಿ ಮನೆಯಿಂದ ಮನೆಗೆ ಓಡಾಡಬಹುದಿತ್ತು. ಕಾಲ ಕಳೆದಂತೆ ಕೆಲವೆಡೆ ಕಲ್ಲಿನ ಕಂಬಗಳೂ ಬಂದವು.

ಊರಿನ ನಕ್ಷೆ ಎಲ್ಲ ಕಡೆ ಹೆಚ್ಚುಕಮ್ಮಿ ಒಂದೇ. ಈಗ ಅರ್ಜೆಂಟೀನಾದಲ್ಲಿರುವ ಸಾನ್ ಇಗ್ನಾಸಿಯೊ ಮಿನಿಯನ್ನೇ ನೋಡಿ. 1610ರಲ್ಲಿ ಬೇರೆಡೆ ಶುರುವಾದ ಈ ಊರು, ಗುಲಾಮರನ್ನು ಹಿಡಿಯಲು ಬರುತ್ತಿದ್ದವರ ದಾಳಿಗೆ ಹೆದರಿ ಜಾಗ ಬಿಟ್ಟು, 1696ರಲ್ಲಿ ಇಲ್ಲಿ ನೆಲೆ ನಿಂತಿತು. ನಡುವೆ ದೊಡ್ಡ ಚೌಕ. ಅದರ ಒಂದು ಬದಿಗೆ 74 ಮೀಟರ್ ಉದ್ದ, 24 ಮೀಟರ್ ಅಗಲದ ಚರ್ಚು. ಚರ್ಚಿನ ಒಂದು ಪಕ್ಕ ಪಾದ್ರಿಗಳ ಮನೆ, ಶಾಲೆ, ಕುಶಲ ಕೆಲಸದ ಕೊಠಡಿಗಳು. ಇನ್ನೊಂದು ಪಕ್ಕ ಸ್ಮಶಾನ. ಚೌಕದ ಉಳಿದ ಮೂರು ಬದಿಗೆ ಗ್ವಾರಾನಿ ಮನೆಗಳ ಸಾಲು. ವಿಧವೆಯರಿಗೂ ಅನಾಥ ಹೆಣ್ಣುಮಕ್ಕಳಿಗೂ ಇಂಥ ಊರುಗಳಲ್ಲಿ ಬೇರೆಯೇ ಮನೆ ಇರುತ್ತಿತ್ತು. ಅದರ ಹೆಸರು ಕೋಟಿ ಗುವಾಸು.

ನನ್ನ ಮಟ್ಟಿಗೆ ಇಡೀ ಊರಿನಲ್ಲಿ ಅತಿ ಮುಖ್ಯವಾದ ಗೋಡೆ ಚರ್ಚಿನದಲ್ಲ. ಆ ಮನೆಗಳ ಒಳಗಿನ ಅಡ್ಡಗೋಡೆ. ಮೊದಲು ಗ್ವಾರಾನಿಗಳು ಒಂದೇ ಉದ್ದನೆಯ ಸೂರಿನಡಿ, ನಡುವೆ ಗೋಡೆಯಿಲ್ಲದೆ, ಹಲವು ಸಂಸಾರ ಒಟ್ಟಿಗೆ ಇರುತ್ತಿದ್ದರು. ಪಾದ್ರಿಗಳಿಗೆ ಅದು ಸರಿಕಾಣಲಿಲ್ಲ. ಉದ್ದನೆಯ ಸೂರು ಹಾಗೇ ಉಳಿಯಿತು, ಒಳಗೆ ಒಂದೊಂದು ಸಂಸಾರಕ್ಕೆ ಒಂದೊಂದು ಕೋಣೆಯಾಯಿತು. ಬಂಧುಗಳ ನಡುವೆ ಎದ್ದ ಆ ಗೋಡೆಯನ್ನು ನೆನೆದರೆ ಮನಸ್ಸು ಭಾರವಾಗುತ್ತದೆ. ಕಟ್ಟಿದ್ದು ಗ್ವಾರಾನಿಗಳದೇ ಕೈ. 1732ರಲ್ಲಿ ಇಂಥ 30 ಊರುಗಳಲ್ಲಿ ಸುಮಾರು 1,41,000 ಜನರಿದ್ದರು, ಪಾದ್ರಿಗಳು ಊರಿಗೆ ಸಾಮಾನ್ಯವಾಗಿ ಇಬ್ಬರು.

1767ರಲ್ಲಿ ಸ್ಪೇನಿನ ರಾಜ ಜೆಸ್ಯೂಟರನ್ನು ಹೊರಹಾಕಲು ಆಜ್ಞೆ ಮಾಡಿದ. ಬರಬರುತ್ತಾ ಊರುಗಳು ಖಾಲಿಯಾದವು, ಚಾವಣಿ ನೋಡಿಕೊಳ್ಳುವವರಿಲ್ಲವಾದರು. ಹೆಂಚು ಜಾರಿತು, ಮರ ಕೊಳೆಯಿತು, ಮಳೆ ನೇರ ಗೋಡೆಗೆ ಬಿತ್ತು. ಮಣ್ಣು ಕೊಚ್ಚಿಹೋದ ಸಂದಿಗಳಲ್ಲಿ ಬೀಜ ಮೊಳೆತು ಬೇರು ಇಳಿಯಿತು. ಸಾನ್ ಇಗ್ನಾಸಿಯೊ ಮಿನಿಯ ಒಂದು ಮರ ಕಲ್ಲಿನ ಕಂಬವೊಂದನ್ನು ಸುತ್ತಿ ಬೆಳೆದು ಪೂರ್ತಿ ಒಳಗೆ ತೆಗೆದುಕೊಂಡಿತು. ಕಲ್ಲೆದೆಯ ಮರ ಎಂದು ಅದಕ್ಕೆ ಹೆಸರು.