5222 ತೆರೆದಿತ್ತು, ಮೆಸೇಜ್ ಮಾತ್ರ ಹೋಗಲಿಲ್ಲ

ಕೆಲವು ವರ್ಷಗಳ ಹಿಂದಿನ ಮಾತು. ನಾನಿದ್ದ ಸಣ್ಣ ಆಫೀಸಿಗೆ ಸ್ವಂತದ್ದೊಂದು ಚಾಟ್ ಸರ್ವರ್ ಇರಲಿ ಎಂಬ ಹುಕಿ ಬಂತು. ಮೂಲೆಯಲ್ಲಿ ಧೂಳು ತಿನ್ನುತ್ತಿದ್ದ ಕಂಪ್ಯೂಟರಿಗೆ ಲಿನಕ್ಸ್ ಹಾಕಿ, ಅದರ ಮೇಲೆ ಓಪನ್‌ಫೈರ್ ಎಂಬ ಉಚಿತ ಸಾಫ್ಟ್‌ವೇರ್ ಕೂರಿಸಿದೆ. ಊಟದ ಹೊತ್ತಿಗೆ ಎಲ್ಲರ ಹೆಸರಿನ ಮುಂದೂ ಹಸಿರು ಚುಕ್ಕೆ. ಪಕ್ಕದ ಟೇಬಲ್ಲಿನವರಿಗೇ ‘ಟೀಗೆ ಬರ್ತೀರಾ?’ ಅಂತ ಟೈಪ್ ಮಾಡಿ ಕಳಿಸುವ ಸಂಭ್ರಮ. ಸಂಜೆ, ಇನ್ನೊಂದು ಊರಿನ ಆಫೀಸಿನಲ್ಲೂ ಇಂಥದ್ದೇ ಸರ್ವರ್ ಇದೆಯಲ್ಲ, ಅವರಿಗೂ ಒಂದು ಮೆಸೇಜ್ ಹಾಕೋಣ ಅಂತ ಹೊರಟರೆ ಅದು ಹೋಗಲೇ ಇಲ್ಲ. ಯಾವ ಸಂಪರ್ಕವನ್ನು ಬಿಡಬೇಕು, ಯಾವುದನ್ನು ತಡೆಯಬೇಕು ಅಂತ ಕಾಯುವ ಫೈರ್‌ವಾಲ್‌ನಲ್ಲಿ 5222 ತೆರೆದಿತ್ತು. ಒಳಗಿನಿಂದ ಹೊರಗೆ ಹೋಗುವುದಕ್ಕಂತೂ ಯಾವ ತಡೆಯೂ ಇರಲಿಲ್ಲ. ಮತ್ತೆ ತೊಡಕು ಎಲ್ಲಿ?

ಅದನ್ನು ಹೇಳುವ ಮೊದಲು ಈ 5222 ಏನು ಅಂತ ನೋಡೋಣ. ನೆಟ್‌ವರ್ಕ್‌ನಲ್ಲಿ ಒಂದು ಕಂಪ್ಯೂಟರಿಗೆ ಸಾಮಾನ್ಯವಾಗಿ ಒಂದು ವಿಳಾಸ. ಒಳಗೆ ಕೆಲಸ ಮಾಡುವ ಪ್ರೋಗ್ರಾಂಗಳು ಮಾತ್ರ ಹತ್ತಾರು. ಬಂದ ದತ್ತಾಂಶವನ್ನು ಯಾರ ಕೈಗೆ ಕೊಡಬೇಕು ಅಂತ ತಿಳಿಯಲು ಒಂದು ಸಂಖ್ಯೆ ಬೇಕು. ಅದೇ ಪೋರ್ಟ್. ಪೋರ್ಟ್ ಅಂದ ತಕ್ಷಣ ಕಂಪ್ಯೂಟರಿನ ಹಿಂದಿರುವ ತೂತು ನೆನಪಾಗಬಹುದು. ಇದು ಅದಲ್ಲ. ಪ್ರತಿ ಪ್ಯಾಕೆಟ್‌ನ ತಲೆಬರಹದಲ್ಲಿ ಎರಡು ಬೈಟ್ ಜಾಗ ತೆಗೆದುಕೊಳ್ಳುವ ಅಂಕಿ, ಅಷ್ಟೇ. ಎರಡು ಬೈಟ್ ಅಂದರೆ 16 ಬಿಟ್, ಹಾಗಾಗಿ ಸಂಖ್ಯೆಗಳು 0ಯಿಂದ 65535ರವರೆಗೆ. ಬ್ಯಾಂಕಿನ ಕೌಂಟರ್ ನಂಬರ್ ಇದ್ದ ಹಾಗೆ. ಕಟ್ಟಡ ಒಂದೇ, ಡಿಡಿಗೆ ಒಂದು ಕಿಟಕಿ, ಪಾಸ್‌ಬುಕ್ ಎಂಟ್ರಿಗೆ ಇನ್ನೊಂದು.

ಯಾವ ಕೆಲಸಕ್ಕೆ ಯಾವ ಕಿಟಕಿ ಅಂತ ಮೊದಲೇ ಮಾತಾಗಿದ್ದರೆ ಬಂದವರು ಹುಡುಕಾಡಬೇಕಿಲ್ಲ. ವೆಬ್‌ಸೈಟಿಗೆ 443, ಮೇಲ್ ಸರ್ವರುಗಳ ನಡುವೆ 25. ಇವೇ ಡಿಫಾಲ್ಟ್ ಪೋರ್ಟುಗಳು. ಈ ಪಟ್ಟಿಯನ್ನು ನೋಡಿಕೊಳ್ಳುವುದು ಐಯಾನಾ ಎಂಬ ಸಂಸ್ಥೆ. 1023ರವರೆಗಿನವು ದೊಡ್ಡ ಮನೆತನದವು. ಯುನಿಕ್ಸ್ ವಂಶದ ಯಂತ್ರಗಳಲ್ಲಿ ಇವನ್ನು ಹಿಡಿಯಲು ಅಡ್ಮಿನ್ ಅಧಿಕಾರ ಬೇಕು ಎಂಬುದು ಹಳೆಯ ಕಟ್ಟಳೆ. ಚಾಟ್ ಹುಟ್ಟಿದ್ದು ತಡವಾಗಿ, ಅದಕ್ಕೆ ಸಿಕ್ಕಿದ್ದು ದೊಡ್ಡ ಸಂಖ್ಯೆಗಳು. 1999ರ ಜನವರಿಯಲ್ಲಿ ಜೆರೆಮಿ ಮಿಲ್ಲರ್ ಎಂಬ ಅಮೆರಿಕದ ಪ್ರೋಗ್ರಾಮರ್ ಜ್ಯಾಬರ್ ಎಂಬ ಮುಕ್ತ ಚಾಟ್ ವ್ಯವಸ್ಥೆಯನ್ನು ಹೊರಗೆ ತಂದರು. 2004ರಲ್ಲಿ ಅದು ಎಕ್ಸ್‌ಎಂಪಿಪಿ ಎಂಬ ಹೆಸರಲ್ಲಿ ಇಂಟರ್ನೆಟ್ಟಿನ ಮಾನದಂಡಗಳ ಸಾಲಿಗೆ ಸೇರಿತು. ಓಪನ್‌ಫೈರ್ ಆಡುವುದು ಇದೇ ಭಾಷೆ. ಬಳಕೆದಾರರು ಬಂದು ಸೇರುವ ಕಿಟಕಿ 5222.

ಇಲ್ಲಿ ತುಂಬ ಜನಕ್ಕೆ ಒಂದು ಅನುಮಾನ ಬರುತ್ತದೆ. ನನಗೂ ಬಂದಿತ್ತು. ಒಂದು ಪೋರ್ಟಿಗೆ ಒಬ್ಬರು ಅಂಟಿಕೊಂಡರೆ ಉಳಿದವರ ಗತಿ? ಒಂದು ಸಂಪರ್ಕವನ್ನು ಹತ್ತಿರದಿಂದ ನೋಡಿದರೆ ಉತ್ತರ ಸಿಗುತ್ತದೆ. ನನ್ನ ಲ್ಯಾಪ್‌ಟಾಪ್ 192.168.1.23, ಸರ್ವರ್ 192.168.1.5 ಅಂದುಕೊಳ್ಳಿ. ಚಾಟ್ ಶುರುವಾದಾಗ ಲ್ಯಾಪ್‌ಟಾಪ್ ತನ್ನ ಕಡೆಗೂ ಒಂದು ಪೋರ್ಟ್ ಆರಿಸಿಕೊಳ್ಳುತ್ತದೆ, 51834 ಅಂತ ಯಾವುದೋ ಖಾಲಿ ಇದ್ದದ್ದು. ಸರ್ವರ್ ಈ ಸಂಪರ್ಕವನ್ನು ಗುರುತಿಸುವುದು ಎರಡು ವಿಳಾಸ, ಎರಡು ಪೋರ್ಟ್, ಹೀಗೆ ನಾಲ್ಕನ್ನೂ ಸೇರಿಸಿ. ಪಕ್ಕದವರ ವಿಳಾಸ ಬೇರೆ, ಆದ್ದರಿಂದ ಅವರ ಸಂಪರ್ಕವೂ ಬೇರೆ. ಇಬ್ಬರೂ ಬಂದಿರುವುದು ಅದೇ 5222ಕ್ಕೆ. ಅಂದಮೇಲೆ ಒಂದು ಸರ್ವರಿಗೆ 65 ಸಾವಿರ ಜನ ಮಾತ್ರ ಎಂಬ ಲೆಕ್ಕ ತಪ್ಪು. ಎಕ್ಸ್‌ಎಂಪಿಪಿಯ ಇನ್ನೊಂದು ಸರ್ವರ್ ಇಜ್ಯಾಬರ್ಡ್‌ನ ಬುನಾದಿಯ ಮೇಲೆ ಎದ್ದು ನಿಂತ ವಾಟ್ಸಾಪ್, 2012ರ ಆರಂಭದಲ್ಲೇ ಒಂದೊಂದು ಯಂತ್ರದಲ್ಲಿ 20 ಲಕ್ಷಕ್ಕೂ ಜಾಸ್ತಿ ಸಂಪರ್ಕ ಹಿಡಿದಿಟ್ಟುಕೊಂಡಿದ್ದೇವೆ ಅಂತ ಬರೆದುಕೊಂಡಿತ್ತು. ಮೊದಲು ದಣಿಯುವುದು ಮೆಮೊರಿ ಮತ್ತು ಪ್ರೊಸೆಸರ್.

ಈಗ ಆ ಸಂಜೆಗೆ ವಾಪಸ್. ಎಕ್ಸ್‌ಎಂಪಿಪಿಯಲ್ಲಿ ವಿಳಾಸ ಇಮೇಲ್‌ನಂತೆಯೇ ಕಾಣುತ್ತದೆ, ಹೆಸರು ಮತ್ತು ಊರು, ಅಂದರೆ ಡೊಮೈನ್. ಬೇರೆ ಊರಿನವರಿಗೆ ಬರೆದ ಮೆಸೇಜನ್ನು ನಮ್ಮ ಸರ್ವರ್ ಅವರ ಸರ್ವರಿಗೆ ಒಪ್ಪಿಸಬೇಕು. ಸರ್ವರ್ ಸರ್ವರ್ ಮಾತಾಡುವ ಕಿಟಕಿ 5222 ಅಲ್ಲ, 5269. ನಾನು ಅದನ್ನು ಹೊರಗಿನವರಿಗೆ ಮುಚ್ಚಿಯೇ ಇಟ್ಟಿದ್ದೆ. ಬರುವವರು ಬರಲಾಗದಿದ್ದರೂ ನಾವು ಹೋಗಬಹುದಲ್ಲ, ಮೆಸೇಜ್ ಕಳಿಸುತ್ತಿರುವುದು ನಾವೇ ಅಲ್ವಾ, ಎಂಬುದು ನನ್ನ ವಾದ.

ಆಟ ಇರುವುದೇ ಇಲ್ಲಿ. ಯಾರೋ ಫೋನ್ ಮಾಡಿ ‘ನಾವು ಬ್ಯಾಂಕಿನಿಂದ ಮಾತಾಡ್ತಿದ್ದೀವಿ’ ಅಂದರೆ ಜಾಣರು ಏನು ಮಾಡುತ್ತಾರೆ? ಫೋನ್ ಇಟ್ಟು, ಪಾಸ್‌ಬುಕ್ಕಿನಲ್ಲಿರುವ ನಂಬರಿಗೆ ತಾವೇ ಫೋನ್ ಮಾಡಿ ಕೇಳುತ್ತಾರೆ. ಜ್ಯಾಬರ್ ಸರ್ವರುಗಳು ಇದೇ ಉಪಾಯವನ್ನು 2000ದಲ್ಲಿ ಕಲಿತವು. ಹೆಸರು ಡಯಲ್‌ಬ್ಯಾಕ್. ನಮ್ಮ ಸರ್ವರ್ ಅವರ 5269ಕ್ಕೆ ಹೋಗಿ, ‘ನಾನು ಇಂಥ ಡೊಮೈನ್‌ನವನು, ಇಗೋ ಗುರುತಿನ ಕೀ’ ಅನ್ನುತ್ತದೆ. ಅವರ ಸರ್ವರ್ ಸುಮ್ನೆ ನಂಬುವುದಿಲ್ಲ. ಆ ಡೊಮೈನ್ ನಿಜವಾಗಿ ಯಾವ ಯಂತ್ರದ್ದು ಅಂತ ಡೊಮೈನ್ ಹೆಸರಿಗೆ ಯಂತ್ರದ ವಿಳಾಸ ಹೇಳುವ ಡಿಎನ್‌ಎಸ್‌ನಲ್ಲಿ ಹುಡುಕಿ, ಅಲ್ಲಿಗೆ ತಾನೇ ಹೊಸದಾಗಿ ಸಂಪರ್ಕ ಮಾಡಿ, ‘ಈ ಕೀ ಕೊಟ್ಟಿದ್ದು ನೀವೇನಾ?’ ಅಂತ ಕೇಳುತ್ತದೆ. ಹೌದು ಅಂದರೆ ಮಾತ್ರ ಮುಂದಿನ ಮಾತು. ಅದು ನಮ್ಮನ್ನು ಕೇಳಲು ಬಂದದ್ದು ನಮ್ಮ 5269ಕ್ಕೆ. ನಮ್ಮ ಫೈರ್‌ವಾಲ್ ಬಾಗಿಲು ತೆಗೆಯಲಿಲ್ಲ. ಸ್ವಲ್ಪ ಹೊತ್ತು ಕಾದು, ಅವರ ಸರ್ವರ್ ನಮ್ಮನ್ನು ಹೊರಗೆ ಹಾಕಿತು. ನಂಬಿಕಸ್ಥ ಸಂಸ್ಥೆ ಕೊಟ್ಟ ಸರ್ಟಿಫಿಕೇಟ್ ಇದ್ದಿದ್ದರೆ ಅದನ್ನೇ ಗುರುತಿನ ಚೀಟಿಯಾಗಿ ತೋರಿಸುವ ದಾರಿಯೂ ಇದೆ. ನಮ್ಮದು ನಾವೇ ಸಹಿ ಹಾಕಿಕೊಂಡಿದ್ದ ಚೀಟಿ. ಅದನ್ನು ಯಾರು ನಂಬುತ್ತಾರೆ! 5269 ತೆರೆದ ಮರುಕ್ಷಣ ಹೋಯಿತು ಮೆಸೇಜು. ಅತ್ತ ಕಡೆಯಿಂದ ಬಂದ ಉತ್ತರ: ‘ಊಟ ಆಯ್ತಾ?’

ಡಿಎನ್‌ಎಸ್ ಅಂದೆನಲ್ಲ, ಅದರಲ್ಲೊಂದು ಚಂದದ ಸೌಲಭ್ಯವಿದೆ. ‘ನಮ್ಮ ಚಾಟ್ ಈ ಯಂತ್ರದಲ್ಲಿ, ಈ ಪೋರ್ಟಿನಲ್ಲಿ ಸಿಗುತ್ತದೆ’ ಅಂತ ಎಸ್‌ಆರ್‌ವಿ ಎಂಬ ದಾಖಲೆ ಬರೆದಿಡಬಹುದು. ಆ್ಯಪ್ ಮೊದಲು ಇದನ್ನು ನೋಡುತ್ತದೆ, ಇಲ್ಲದಿದ್ದರೆ 5222ರ ಬಾಗಿಲು ಬಡಿಯುತ್ತದೆ. ವೆಬ್ ಬಿಟ್ಟು ಬೇರೇನನ್ನೂ ಹೊರಗೆ ಬಿಡದ ಹೋಟೆಲಿನ ವೈಫೈ ಇರುತ್ತಲ್ಲ, ಅಂಥ ಕಡೆ ತಪ್ಪಿಸಿಕೊಳ್ಳಲು ಚಾಟನ್ನು 443ರಲ್ಲಿ ಕೂರಿಸುವವರಿದ್ದಾರೆ. ಡಿಫಾಲ್ಟ್ ಪೋರ್ಟ್ ಒಂದು ರೂಢಿ ಮಾತ್ರ, ಬದಲಿಸಿದರೆ ಯಾರೂ ದಂಡ ಹಾಕುವುದಿಲ್ಲ.

ಓಪನ್‌ಫೈರ್‌ಗೆ ಇನ್ನಷ್ಟು ಕಿಟಕಿಗಳಿವೆ. 5223ರಲ್ಲಿ ಮೊದಲ ಬೈಟಿನಿಂದಲೇ ಗೂಢಲಿಪಿ. 5222ರಲ್ಲಿ ಮೊದಲು ಬಿಚ್ಚುಮಾತಿನಲ್ಲಿ ನಮಸ್ಕಾರ, ಆಮೇಲೆ ಗೂಢಲಿಪಿಗೆ ಜಿಗಿತ. ಒಂದು ಕಾಲಕ್ಕೆ 5223ರ ಪದ್ಧತಿ ಹಳೆಯದಾಯಿತು ಅಂತ ಮೂಲೆಗೆ ಸರಿಸಿದ್ದರು, ಈಗ ಅದಕ್ಕೆ ಮತ್ತೆ ಮರ್ಯಾದೆ ಬಂದಿದೆ. ಬ್ರೌಸರಿನಿಂದ ಬರುವವರಿಗೆ 7070 ಮತ್ತು ಗೂಢಲಿಪಿಯ 7443. ಫೈಲ್ ದಾಟಿಸಲು 7777. ಹಳೆಯ ಆವೃತ್ತಿಗಳಲ್ಲಿ, ಬ್ರೌಸರಿನಲ್ಲಿ ಅನಿಮೇಷನ್, ವಿಡಿಯೊ ಓಡಿಸುತ್ತಿದ್ದ ಫ್ಲ್ಯಾಶ್‌ಗೆಂದೇ 5229 ಇತ್ತು. 2020ರ ಕೊನೆಗೆ ಫ್ಲ್ಯಾಶೇ ಕಣ್ಣು ಮುಚ್ಚಿತು. ಗ್ರೂಪ್ ಚಾಟಿಗೆ ಯಾವ ಪೋರ್ಟ್ ಅಂತ ಆಗಾಗ ಕೇಳುತ್ತಾರೆ. ಯಾವುದೂ ಬೇಡ. ಗ್ರೂಪ್‌ಗೆ ವಿಳಾಸ ಬೇರೆ ಇರುತ್ತದೆ, ಮಾತು ಹರಿಯುವುದು ಅದೇ 5222ರ ಒಳಗೆ.

ನನಗೆ ಭಯ ಇರುವುದು 9090ರ ಮೇಲೆ. ಅದು ಮತ್ತು 9091 ಅಡ್ಮಿನ್ ಕನ್ಸೋಲಿನವು. ಬಳಕೆದಾರರನ್ನು ಸೇರಿಸುವುದು, ತೆಗೆಯುವುದು, ಪ್ಲಗಿನ್ ಹಾಕುವುದು ಎಲ್ಲ ಅಲ್ಲಿಂದಲೇ. ಪಾಸ್‌ವರ್ಡ್ ಇದೆಯಲ್ಲ ಅಂತ ಅದನ್ನು ಇಂಟರ್ನೆಟ್ಟಿಗೆ ತೆರೆದಿಟ್ಟವರು ಬಹಳ ಜನ. 2023ರಲ್ಲಿ ಆ ಕನ್ಸೋಲಿನಲ್ಲೇ ಒಂದು ದೋಷ ಪತ್ತೆಯಾಯಿತು. ವೆಬ್ ವಿಳಾಸವನ್ನು ಚೂರು ತಿರುಚಿ ಬರೆದರೆ, ಲಾಗಿನ್ ಮಾಡದೆಯೇ ಒಳಗಿನ ಪುಟಗಳಿಗೆ ನುಗ್ಗಬಹುದಿತ್ತು. ದಾಳಿಕೋರರು ಹೊಸ ಅಡ್ಮಿನ್ ಖಾತೆ ತೆರೆದು, ಪ್ಲಗಿನ್ ವೇಷದಲ್ಲಿ ತಮ್ಮ ಪ್ರೋಗ್ರಾಂ ಹಾಕಿದರು. 4.6.8 ಮತ್ತು 4.7.5 ಆವೃತ್ತಿಗಳಲ್ಲಿ ಅದನ್ನು ಸರಿಪಡಿಸಿದರು.

ಆ ಸುದ್ದಿ ಓದಿದ ದಿನ ನಾನು ನೋಡಿಕೊಳ್ಳುವ ಸರ್ವರಿನಲ್ಲಿ, ಯಾವ ಪೋರ್ಟುಗಳು ಕಿವಿ ತೆರೆದು ಕೂತಿವೆ ಅಂತ ತೋರಿಸುವ ಎಸ್‌ಎಸ್ ಕಮಾಂಡ್ ಓಡಿಸಿದೆ. 9090ರ ಎಡಕ್ಕೆ ವಿಳಾಸದ ಜಾಗದಲ್ಲಿ ಒಂದು ನಕ್ಷತ್ರದ ಗುರುತು. ಅಂದರೆ ಯಂತ್ರದ ಯಾವ ವಿಳಾಸಕ್ಕೆ ಯಾರು ಬಂದು ಬಡಿದರೂ ಓಗೊಡುತ್ತೇನೆ ಅಂತ. ನಡುವೆ ಇದ್ದದ್ದು ಫೈರ್‌ವಾಲ್‌ನ ಒಂದು ಸಾಲು ಮಾತ್ರ. ಓಪನ್‌ಫೈರ್‌ನ ಸೆಟ್ಟಿಂಗ್ಸ್ ಫೈಲಿನಲ್ಲಿ ಕನ್ಸೋಲಿನ ವಿಳಾಸ 127.0.0.1, ಅಂದರೆ ಆ ಯಂತ್ರದ ಒಳಗಿನಿಂದ ಮಾತ್ರ ಸಿಗುವ ವಿಳಾಸ, ಅಂತ ಬರೆದು, ಆವೃತ್ತಿ ಬದಲಿಸಿ, ಸರ್ವರನ್ನು ಮತ್ತೆ ಎಬ್ಬಿಸಿದೆ. ನಕ್ಷತ್ರ ಹೋಗಿ ಆ ವಿಳಾಸ ಬಂದಿತ್ತು. ಈಗ ಕನ್ಸೋಲ್ ನೋಡಬೇಕಾದರೆ ನಾನೇ ಮೊದಲು, ದೂರದ ಯಂತ್ರಕ್ಕೆ ಗೂಢಲಿಪಿಯಲ್ಲಿ ಲಾಗಿನ್ ಆಗುವ ಎಸ್‌ಎಸ್‌ಎಚ್‌ನಲ್ಲಿ ಸರ್ವರಿನೊಳಗೆ ಸುರಂಗ ತೋಡಿಕೊಂಡು ಹೋಗಬೇಕು. ಎಸ್‌ಎಸ್‌ಎಚ್‌ನ ಪೋರ್ಟ್ 22.