ಹಳೆ ಫೋರ್ಡ್ ಫಾಲ್ಕನ್ ಕಾರಿಗೆ ಗ್ಯಾಸು, ಗ್ಯಾಸಿನ ಜೊತೆಗೆ ಟರ್ಬೊ

1962ರಲ್ಲಿ ಅಮೆರಿಕದ ಓಲ್ಡ್ಸ್‌ಮೊಬೀಲ್ ಕಂಪನಿ ಜೆಟ್‌ಫೈರ್ ಎಂಬ ಟರ್ಬೊ ಕಾರು ತಂದಿತು. ಟರ್ಬೊ ಅಂದರೆ ಎಂಜಿನ್ನಿನ ಹೊಗೆಯ ಬಲದಿಂದಲೇ ತಿರುಗಿ, ಗಾಳಿಯನ್ನು ಒತ್ತಿ ಎಂಜಿನ್ನಿಗೆ ತುಂಬುವ ಪಂಪು. 3.5 ಲೀಟರ್ ವಿ8 ಎಂಜಿನ್, 215 ಹಾರ್ಸ್‌ಪವರ್. ಬಾನೆಟ್ ಒಳಗೆ ನೀರು ಮತ್ತು ಮೆಥನಾಲ್ ಬೆರೆಸಿದ ದ್ರವದ ಒಂದು ಟ್ಯಾಂಕು ಬೇರೆ ಇತ್ತು. ಆ ದ್ರವ ಸಿಂಪಡಿಸದಿದ್ದರೆ ಎಂಜಿನ್ 'ನಾಕ್' ಹೊಡೆಯುವ ಭಯ. ತುಂಬಿಸೋದನ್ನೇ ಎಷ್ಟೋ ಮಾಲೀಕರು ಮರೆತರು. 1963ಕ್ಕೆ ಜೆಟ್‌ಫೈರ್ ಮುಗಿದೇ ಹೋಯಿತು.

ಗಾಳಿಯನ್ನು ಒತ್ತಿದರೆ ಬಿಸಿಯಾಗುತ್ತದೆ. ಸೈಕಲ್‌ಗೆ ಗಾಳಿ ಹೊಡೆದವರಿಗೆ ಪಂಪಿನ ಬುಡ ಸುಡೋದು ಗೊತ್ತು, ಅಲ್ವಾ? 30 ಡಿಗ್ರಿಯ ಗಾಳಿಯನ್ನು ಟರ್ಬೊ ಅರ್ಧ ಬಾರ್ (ವಾತಾವರಣದ ಒತ್ತಡದ ಸುಮಾರು ಅರ್ಧದಷ್ಟು) ಜಾಸ್ತಿ ಒತ್ತಿದರೆ ಸಾಕು, ಅದು 80 ಡಿಗ್ರಿ ದಾಟುತ್ತದೆ. ಇಷ್ಟು ಬಿಸಿ ಮಿಶ್ರಣದಲ್ಲಿ, ಸ್ಪಾರ್ಕಿನ ಜ್ವಾಲೆ ಮುಟ್ಟುವ ಮೊದಲೇ ಒಂದು ಭಾಗ ತಾನಾಗಿ ಸಿಡಿಯಬಹುದು. ಅದೇ ನಾಕ್. ಪಿಸ್ಟನ್ ತಲೆಗೆ ಸುತ್ತಿಗೆ ಏಟು ಬಿದ್ದ ಹಾಗೆ.

ಅಡುಗೆ ಗ್ಯಾಸಿನಲ್ಲೂ ಇರುವ ಪ್ರೊಪೇನ್ ಇದನ್ನು ತಡೆಯುತ್ತದೆ. ಇಂಧನ ನಾಕನ್ನು ಎಷ್ಟು ತಡೆಯುತ್ತದೆ ಅನ್ನುವುದರ ಅಳತೆಯೇ ಆಕ್ಟೇನ್. ಪೆಟ್ರೋಲಿನ ಆಕ್ಟೇನ್ 91, 95 ಇದ್ದರೆ ಪ್ರೊಪೇನಿನದು 110ರ ಆಸುಪಾಸು. ಜೆಟ್‌ಫೈರ್‌ಗೆ ಬೇಕಿದ್ದದ್ದು ಇಂಥ ಇಂಧನ.

ಕಡಿಮೆ ಖರ್ಚಿನಲ್ಲಿ ಟರ್ಬೊ, ಪ್ರೊಪೇನ್ ಎರಡನ್ನೂ ಜೋಡಿಸಿ ನೋಡಲು ನಾನು ಆರಿಸುವುದು ಅದೇ ದಶಕದ ಫೋರ್ಡ್ ಫಾಲ್ಕನ್. ಅದರ 3.3 ಲೀಟರಿನ ಆರು ಸಿಲಿಂಡರ್ ಎಂಜಿನ್‌ಗೆ 1965ರಿಂದ ಏಳು ಮೇನ್ ಬೇರಿಂಗ್ ಬಂದವು. ಪಿಸ್ಟನ್‌ಗಳು ತಿರುಗಿಸುವ ದಂಡ, ಅಂದರೆ ಕ್ರ್ಯಾಂಕ್, ಕೂರುವುದು ಇವುಗಳ ಮೇಲೆ. ಹಾಗಾಗಿ ಕ್ರ್ಯಾಂಕ್ ಗಟ್ಟಿ. ಆದರೆ ಸಿಲಿಂಡರ್‌ಗಳಿಗೆ ಗಾಳಿ ಹಂಚುವ ಕೊಳವೆಯನ್ನು, ಅಂದರೆ ಇನ್‌ಟೇಕ್ ಮ್ಯಾನಿಫೋಲ್ಡನ್ನು, ಎಂಜಿನ್ನಿನ ಮೇಲ್ಭಾಗವಾದ ಹೆಡ್ಡಿನ ಜೊತೆಗೇ ಎರಕ ಹೊಯ್ದಿದ್ದಾರೆ, ಬಿಚ್ಚುವ ಹಾಗಿಲ್ಲ. ನಡುವೆ ಗಾಳಿಗೆ ಪೆಟ್ರೋಲ್ ಬೆರೆಸುವ ಒಂದು ಕಾರ್ಬುರೇಟರ್, ಎರಡೂ ಕಡೆ ಉದ್ದದ ಕೊಳವೆ. ಪೆಟ್ರೋಲಿನ ಹನಿಗಳು ದಾರಿಯಲ್ಲೇ ಗೋಡೆಗೆ ಅಂಟುತ್ತವೆ. ಒಂದು ಸಿಲಿಂಡರ್‌ಗೆ ಜಾಸ್ತಿ, ಇನ್ನೊಂದಕ್ಕೆ ಕಡಿಮೆ. ಟರ್ಬೊ ಹಾಕಿದರೆ ಇಂಧನ ಕಡಿಮೆ ಸಿಕ್ಕ ಸಿಲಿಂಡರ್ ಮೊದಲು ಸಾಯುತ್ತದೆ. ಪ್ರೊಪೇನ್ ಬರುವುದೇ ಅನಿಲವಾಗಿ. ಅಂಟಲು ಹನಿಯೇ ಇಲ್ಲ. ಆ ಕೆಟ್ಟ ಕೊಳವೆಯ ಅರ್ಧ ದೋಷ ಅಲ್ಲಿಗೇ ಮಾಯ. ಈ ಯೋಜನೆಯಲ್ಲಿ ನನಗೆ ಅತ್ಯಂತ ಇಷ್ಟವಾದ ವಿಷಯ ಇದು.

ಸಾಮಾನೂ ದುಬಾರಿಯಲ್ಲ. ಅಮೆರಿಕದ ಗೋದಾಮುಗಳಲ್ಲಿ ಪ್ರೊಪೇನ್ ಫೋರ್ಕ್‌ಲಿಫ್ಟ್‌ಗಳು ಬೇಕಾದಷ್ಟಿವೆ. ಅವುಗಳ ಕನ್ವರ್ಟರ್, ಗಾಳಿಗೆ ಗ್ಯಾಸ್ ಬೆರೆಸುವ ಮಿಕ್ಸರ್ ಸೆಕೆಂಡ್ ಹ್ಯಾಂಡ್ ಸಿಗುತ್ತವೆ. ನಮ್ಮ ಬೆಂಗಳೂರಿನ ಗ್ಯಾಸ್ ಆಟೊದಲ್ಲೂ ಇರುವುದು ಇದೇ ಉಪಾಯ, ಆದರೆ ಆ ಗ್ಯಾಸಿನಲ್ಲಿ ಬ್ಯುಟೇನ್ ಕೂಡ ಬೆರೆತಿರುತ್ತದೆ. ಟ್ಯಾಂಕಿನಿಂದ ದ್ರವವಾಗಿ ಬರುವ ಪ್ರೊಪೇನ್ ಕನ್ವರ್ಟರ್‌ನಲ್ಲಿ ಕುದಿದು ಅನಿಲವಾಗುತ್ತದೆ. ಅದು ಕುದಿಯುವುದು ಮೈನಸ್ 42 ಡಿಗ್ರಿಯಲ್ಲಿ. ಹಾಗೆ ಕುದಿಯುವಾಗ ಸುತ್ತಲಿನ ಶಾಖವನ್ನೆಲ್ಲ ಹೀರುತ್ತದೆ. ಅದಕ್ಕೇ ಎಂಜಿನ್ನಿನ ಬಿಸಿ ನೀರನ್ನು ಕನ್ವರ್ಟರ್ ಒಳಗೆ ಹರಿಸಬೇಕು. ಪೈಪಿನಲ್ಲಿ ಗಾಳಿ ಸಿಕ್ಕಿಕೊಂಡು ನೀರು ಓಡದಿದ್ದರೆ, ಬಿಸಿ ಎಂಜಿನ್ನಿನ ಪಕ್ಕದಲ್ಲೇ ಆ ಲೋಹದ ಡಬ್ಬಿಯ ಮೇಲೆ ಬಿಳಿ ಮಂಜು ಕಟ್ಟುತ್ತದೆ, ಕಾರು ಮುಗ್ಗರಿಸುತ್ತದೆ.

ನಷ್ಟವೂ ಇದೆ. ಒಂದು ಪಾಲು ಪ್ರೊಪೇನ್ ಅನಿಲಕ್ಕೆ ಸುಮಾರು 24 ಪಾಲು ಗಾಳಿ ಬೇಕು. ಗಾಳಿಯ ಜಾಗದಲ್ಲಿ ಒಂದಿಷ್ಟನ್ನು ಗ್ಯಾಸೇ ತಿನ್ನುತ್ತದೆ, ಶಕ್ತಿ ಇಳಿಯುತ್ತದೆ. ಟರ್ಬೊ ಅದನ್ನು ತುಂಬಿಕೊಟ್ಟು ಮೇಲೆ ಇನ್ನಷ್ಟು ಕೊಡುತ್ತದೆ.

ಮಿಕ್ಸರನ್ನು ಟರ್ಬೊಗೆ ಮುಂಚೆ ಇಡುವುದು ಸುಲಭದ ದಾರಿ. ಆದರೆ ಗಾಳಿಯ ದಾರಿಯನ್ನು ತೆರೆದು ಮುಚ್ಚುವ ಥ್ರಾಟಲ್ ಕೂಡ ಅಲ್ಲೇ ಇದ್ದರೆ, ಆಕ್ಸಿಲರೇಟರ್‌ನಿಂದ ಕಾಲು ತೆಗೆದಾಗ ಎಂಜಿನ್ನಿನ ಎಳೆತ ಟರ್ಬೊದ ಎಣ್ಣೆಯನ್ನೇ ಹೀರಿ ನೀಲಿ ಹೊಗೆ ಬರಿಸುತ್ತದೆ. ಗುಜರಿಯಲ್ಲಿ ಟರ್ಬೊ ಆರಿಸುವಾಗ ಆ ಎಣ್ಣೆಯನ್ನು ತಡೆಯುವ ಕಾರ್ಬನ್ ಸೀಲ್ ಇದೆಯಾ ಅಂತ ನೋಡಬೇಕು. ಸ್ಪಾರ್ಕ್ ಪ್ಲಗ್ಗಿನ ಗ್ಯಾಪ್ ಕಡಿಮೆ ಮಾಡಬೇಕು, ಒತ್ತಡ ಹೆಚ್ಚಿದಷ್ಟೂ ಕಿಡಿ ಹಾರುವುದು ಕಷ್ಟ. ಅಂದಿನ ಪೆಟ್ರೋಲಿನಲ್ಲಿ ಬೆರೆಸುತ್ತಿದ್ದ ಸೀಸ, ವಾಲ್ವ್ ಮುಚ್ಚಿದಾಗ ಕೂರುವ ಅಂಚನ್ನು, ಅಂದರೆ ವಾಲ್ವ್ ಸೀಟನ್ನು, ಕಾಪಾಡುತ್ತಿತ್ತು. ಪ್ರೊಪೇನಿನಲ್ಲಿ ಅದಿಲ್ಲ, ಹಾಗಾಗಿ ಗಟ್ಟಿ ಸೀಟು ಕೂರಿಸಬೇಕು.

ಟ್ಯಾಂಕು ಮತ್ತು ಹೋಸ್ ಮಾತ್ರ ಗುಜರಿಯಿಂದ ಬೇಡ. ಹೊಸದನ್ನೇ ತನ್ನಿ, ಬಲ್ಲವರಿಂದಲೇ ಹಾಕಿಸಿ. ಟ್ಯಾಂಕನ್ನು ಶೇ 80ಕ್ಕಿಂತ ಜಾಸ್ತಿ ತುಂಬಿಸಬಾರದು, ಬಿಸಿಲಿಗೆ ದ್ರವ ಹಿಗ್ಗಲು ಜಾಗ ಬೇಕು. ಸೋರಿದ ಪ್ರೊಪೇನ್ ಗಾಳಿಗಿಂತ ಒಂದೂವರೆ ಪಟ್ಟು ಭಾರ, ಗ್ಯಾರೇಜಿನ ನೆಲದ ಮೇಲೇ ಹರಡುತ್ತದೆ. ಸೋಪಿನ ನೀರು ಹಚ್ಚಿ, ಒಂದೊಂದು ಜೋಡಣೆಯಲ್ಲೂ ಗುಳ್ಳೆ ಏಳುತ್ತದಾ ಅಂತ ಬಗ್ಗಿ ನೋಡಿ. ಕೀ ತಿರುಗಿಸುವುದು ಆಮೇಲೆ.